ಮೀಟರಿನ ದೀಪ ಹಾಕುವಾಗ

ತೊಂಬತ್ತರ ದಶಕದ ಕೊನೆಯಲ್ಲಿ ಕೊಟ್ಟೂರಿನಲ್ಲಿ ನನ್ನದೊಂದು ವಾಹನಗಳ ವೈರಿಂಗ್ ಅಂಗಡಿಯಿತ್ತು. ಅಂಗಡಿಯೆಂದರೆ ಬೇವಿನ ಮರದ ಕೆಳಗೊಂದು ತಗಡಿನ ಶೆಡ್ಡು. ಒಂದು ಮಧ್ಯಾಹ್ನ ತಂಬ್ರಹಳ್ಳಿ ಕಡೆಯ ಯಜಮಾನರೊಬ್ಬರು ತೀರಿಹೋದ ತಂದೆಯ ಹಳೆಯ ಕಾರು ತಂದು ನಿಲ್ಲಿಸಿದರು. ಬಿಳಿ ಅಂಗಿ, ಮೆಲುದನಿ.

"ಮೀಟರಿನ ದೀಪ ಒಂದೂ ಹತ್ತವಲ್ವು. ಸಂಜಿ ಆತಂದ್ರ ಡೀಸೆಲ್ ಎಷ್ಟೈತಿ ಅನ್ನೋದೂ ಕಾಣಂಗಿಲ್ಲ. ಎಲ್ಲಾ ಹೊಸಾವು ಹಾಕ್ರಿ" ಎಂದರು.

ಆ ಕಾರಿನಲ್ಲಿ ಮೀಟರಿನ ಹಿಂಭಾಗಕ್ಕೆ ಕೈ ಹೋಗಬೇಕಾದರೆ ಸೀಟು ಬಿಚ್ಚಿ, ಅಂಗಾತ ಮಲಗಿ, ಸ್ಟೇರಿಂಗ್ ಕೆಳಗೆ ತಲೆ ತೂರಿಸಬೇಕು. ಕಾಲು ಬಾಗಿಲಿನಾಚೆ. ಬ್ಯಾಟರಿಯ ವೈರು ತೆಗೆದು ಹಾಗೇ ಮಲಗಿದೆ. ಬೆರಳಲ್ಲೇ ತಡಕಿ ಹೋಲ್ಡರ್ ಎಳೆದು, ಸುಟ್ಟು ಕಪ್ಪಾಗಿದ್ದ ಪುಟ್ಟ ಬಲ್ಬು ಕಿತ್ತು ಹೊಸದನ್ನು ಒತ್ತಬೇಕು. ಎರಡು ಹಾಕಿದ್ದೆ. ಆಗ ಮೋಟಾರ್ ಸೈಕಲ್ಲೊಂದು ಬಂದು ನಿಂತಿತು.

"ಯಾರ್ನ ಕೇಳಿ ಕಾರ್ ತಂದಿ? ಅಪ್ಪನ ಕಾರು ನಿನ್ನೊಬ್ಬಂದೇನು?"

ಬಂದವನು ಅವರ ತಮ್ಮನೆಂದು ತಿಳಿಯಿತು.

"ಮೆತ್ತಗ ಮಾತಾಡಲೇ, ಮಂದಿ ನೋಡಾಕ್ಹತ್ಯಾರ."

"ನೋಡ್ಲಿ ಬಿಡು! ಪಾಲಾಗೋತನ ಮುಟ್ಟಬ್ಯಾಡ ಅಂದಿದ್ನೋ ಇಲ್ಲೋ?"

ಕಪಾಳಕ್ಕೆ ಬಿದ್ದ ಏಟಿನ ಸದ್ದು ಕೇಳಿತು. ಯಾರು ಯಾರಿಗೆ ಹೊಡೆದರೋ, ನನಗೆ ಕಾಣುತ್ತಿದ್ದುದು ವೈರುಗಳು ಮಾತ್ರ. ಒಂದು ಮೈ ಧಡಾರನೆ ಬಾಗಿಲಿಗೆ ಅಪ್ಪಳಿಸಿತು. ಬಾಗಿಲು ನನ್ನ ಮೊಣಕಾಲಿನ ಕೆಳಗೆ ಎಲುಬಿಗೇ ಬಡಿಯಿತು. ಕಿರುಚಿದೆ, ಇಬ್ಬರಿಗೂ ಕೇಳಲಿಲ್ಲ. ಮತ್ತೊಮ್ಮೆ ಬಡಿಯಿತು. ಬಾಗಿಲಿನ ಗಾಜು ಒಡೆದು ಚೂರುಗಳು ಹೊಟ್ಟೆಯ ಮೇಲೆ ಸುರಿದವು.

ಹೇಗೋ ಜಾರಿ ಹೊರಬಂದೆ. ಅಣ್ಣ ನೆಲಕ್ಕೆ ಬಿದ್ದಿದ್ದರು. ತಮ್ಮ ಎದೆಯ ಮೇಲೆ ಕೂತು ಅವರ ಕತ್ತು ಒತ್ತುತ್ತಿದ್ದ. ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಕೈಗೆ ಸಿಕ್ಕಿತು, ಎತ್ತಿ ಅವನ ಭುಜಕ್ಕೆ ಹೊಡೆದೆ. ಅವನು ಕತ್ತು ಬಿಟ್ಟ. ಬಿಟ್ಟ ಮೇಲೂ ಇನ್ನೊಂದು ಹೊಡೆದೆ, ಕಿವಿಯ ಮೇಲೆ. ಚರ್ಮ ಹರಿದು ರಕ್ತ ಚಿಮ್ಮಿತು. ಆ ಕ್ಷಣ ನನಗೆ ಹಿತವೆನಿಸಿತು. ಇದನ್ನು ಹೆಂಡತಿಗೂ ಹೇಳಿಲ್ಲ.

ಅಣ್ಣ ಎದ್ದರು. ಕೈಮುಗಿಯುತ್ತಾರೇನೋ ಅಂದುಕೊಂಡೆ.

"ನನ್ನ ತಮ್ಮನ ಮ್ಯಾಲ ಕೈ ಮಾಡ್ತಿಯೇನಲೇ?" ಎಂದವರೇ ನನ್ನ ಬಾಯಿಗೆ ಗುದ್ದಿದರು. ಎರಡು ಹಲ್ಲು ಹೋದವು. ನಾನು ಬಿದ್ದ ಮೇಲೆ ಇಬ್ಬರೂ ಸೇರಿ ಒದ್ದರು. ಒದೆಯುವಾಗ ಅವರ ನಡುವೆ ಯಾವ ಜಗಳವೂ ಇರಲಿಲ್ಲ.

ಎದುರಿನ ಚಹಾದಂಗಡಿಯ ಅಕ್ಕ ಪಾತ್ರೆ ಹಿಡಿದೇ ಓಡಿಬಂದಳು. "ಬಿಡ್ತೀರೋ, ಕುದಿಯೋ ಚಾ ಮಾರಿಗೆ ಉಗ್ಗಲೋ?"

ಬಿಟ್ಟರು. ಕಿವಿಗೆ ಟವೆಲ್ ಒತ್ತಿಕೊಂಡ ತಮ್ಮನನ್ನು ಹಿಂದೆ ಕೂರಿಸಿಕೊಂಡು ಅಣ್ಣನೇ ಮೋಟಾರ್ ಸೈಕಲ್ ಓಡಿಸಿಕೊಂಡು ಹೋದರು. ನನ್ನ ಕಾಲಿನ ಎಲುಬು ಬಿರುಕು ಬಿಟ್ಟಿತ್ತು, ಆಸ್ಪತ್ರೆಯಲ್ಲಿ ಪಟ್ಟಿ ಹಾಕಿದರು. ಯಾರೂ ಪೊಲೀಸರ ಹತ್ತಿರ ಹೋಗಲಿಲ್ಲ.

ಮೂರು ವಾರ ಕಾರು ಅಲ್ಲೇ ಇತ್ತು. ಒಂದು ದಿನ ಅಣ್ಣ ಬಂದರು.

"ತಪ್ಪಾತ್ರಿ. ನೀವು ಬಿಡಿಸದಿದ್ರ ಅವತ್ತು ನನ್ನ ಕಥಿ ಮುಗೀತಿತ್ತು. ಆದ್ರ ಅವನ ರಕ್ತ ನೋಡಿ ತಡಕಳಾಕ ಆಗ್ಲಿಲ್ಲ."

"ಈ ಕಾಲು ಇಟ್ಕೊಂಡು ನನಗ ಕೆಳಗ ಮಲಗಾಕ ಆಗಂಗಿಲ್ರಿ, ಉಳಿದ ಬಲ್ಬು ನೀವ ಹಾಕಬೇಕು" ಎಂದೆ.

ಬಿಳಿ ಅಂಗಿಯಲ್ಲೇ ಅವರು ಕೆಳಗೆ ತೂರಿದರು. ನಾನು ಸ್ಟೂಲಿನ ಮೇಲೆ ಕೂತು, ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡು, ಒಂದೊಂದೇ ಹೇಳಿಕೊಟ್ಟೆ.

"ತಮ್ಮನ ಕಿವಿ ಹೆಂಗೈತ್ರಿ?"

ಒಳಗಿನಿಂದ ದನಿ ಬಂತು. "ಆ ಕಡಿ ಕಿವಿ ಕೇಳವಲ್ದು. ಇನ್ನ ಕೇಳಂಗಿಲ್ಲ ಅಂದಾರ."

ಅವರು ಮುಂದಿನ ಬಲ್ಬಿಗಾಗಿ ಕೈ ಚಾಚಿದರು. ಕೊಟ್ಟೆ.

ಆಮೇಲೆ ಆ ತಮ್ಮನನ್ನು ಎರಡು ಮೂರು ಸಲ ಸಂತೆಯಲ್ಲಿ ಕಂಡಿದ್ದೇನೆ. ಯಾರಾದರೂ ಮಾತಾಡಿಸಿದರೆ ಕತ್ತು ಹೊರಳಿಸಿ ಇನ್ನೊಂದು ಕಿವಿ ಕೊಡುತ್ತಿದ್ದ. ಒಮ್ಮೆಯೂ ಎದುರಿಗೆ ಹೋಗುವ ಧೈರ್ಯ ನನಗಾಗಲಿಲ್ಲ.