ಉಸಿರಿನ ಕಾಲಂ

ನರ್ಸಿಂಗ್ ಶಾಲೆಯ ಮೊದಲ ವರ್ಷದಲ್ಲಿದ್ದ ಇಪ್ಪತ್ತಮೂರು ಜನರಲ್ಲಿ ಇಪ್ಪತ್ತೆರಡು ಮಂದಿಗೆ ಹತ್ತೊಂಬತ್ತರ ಆಸುಪಾಸು ವಯಸ್ಸು, ಒಬ್ಬಳಿಗೆ ಮೂವತ್ತೊಂಬತ್ತು. ಅವಳನ್ನು ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದರು, ಮೊದಲು ತಮಾಷೆಗೆ, ಆಮೇಲೆ ಅಭ್ಯಾಸಬಲದಿಂದ. ಎರಡನೇ ತಿಂಗಳಿಂದ ಟ್ಯೂಟರ್ ಮೇಡಂ ಕೂಡ ಹಾಜರಿ ಹಾಕುವಾಗ ಹಾಗೇ ಕೂಗತೊಡಗಿದರು.

ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ಅವಳು ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಕುದಿನೀರಿನ ಯಂತ್ರದಿಂದ ಬಂದ ಬೆಡ್‌ಶೀಟುಗಳನ್ನು ಒಣಗಿಸಿ, ಮಡಿಸಿ, ಯಾವ ವಾರ್ಡಿಗೆ ಎಷ್ಟೆಂದು ಕಟ್ಟಿ ಕಳಿಸುವುದು ಅವಳ ಕೆಲಸ. ಕಲೆ ನೋಡಿದರೆ ಔಷಧದ್ದೋ ರಕ್ತದ್ದೋ ಕೀವಿನದ್ದೋ ಹೇಳಬಲ್ಲವಳಾಗಿದ್ದಳು. ಆ ಶೀಟಿನ ಮೇಲೆ ಮಲಗಿದ್ದವರನ್ನು ಮಾತ್ರ ಕಂಡಿರಲಿಲ್ಲ. ಒಗೆಯುವ ಕೆಲಸವನ್ನು ಆಸ್ಪತ್ರೆ ಹೊರಗಿನವರಿಗೆ ವಹಿಸಿದಾಗ, ಪಿಯುಸಿ ಪಾಸಾಗಿದ್ದು ನಲವತ್ತು ತುಂಬದವರಿಗೆ ಶಾಲೆಯಲ್ಲಿ ಜಾಗ ಕೊಟ್ಟಿತು, ಉಳಿದವರನ್ನು ಮನೆಗೆ ಕಳಿಸಿತು. ಷರತ್ತು ಒಂದೇ: ಮೊದಲ ವರ್ಷದ ಪ್ರಾಯೋಗಿಕ ಪರೀಕ್ಷೆಯನ್ನು ಎರಡು ಸಲದೊಳಗೆ ಮುಗಿಸಬೇಕು. ಇಲ್ಲವಾದರೆ ಶಾಲೆಯೂ ಇಲ್ಲ, ಕೆಲಸವೂ ಇಲ್ಲ. ಹಿಂದಕ್ಕೆ ಹೋಗೋಣವೆಂದರೆ ಆ ಯಂತ್ರಗಳನ್ನೇ ಕಿತ್ತು ಸಾಗಿಸಿ ಆಗಿತ್ತು.

ಶಾಲೆಯ ಅಭ್ಯಾಸದ ಕೋಣೆಯಲ್ಲಿ ರಬ್ಬರಿನ ಒಂದು ಗಂಡಸು ಗೊಂಬೆ ಮಲಗಿರುತ್ತಿತ್ತು. ಹುಡುಗಿಯರು ಅದಕ್ಕೆ ಭಾವ ಎಂದು ಹೆಸರಿಟ್ಟಿದ್ದರು. "ಭಾವನಿಗೆ ಸ್ನಾನ ಆಯ್ತಾ?" "ಆಯ್ತು, ಕಿವಿ ಹಿಂದೆ ಉಜ್ಜೋಕೆ ಬಿಡಲ್ಲ ಅಂತಾನೆ!" ಭಾವನ ಮೇಲೆಯೇ ದೊಡ್ಡಕ್ಕ ಎಲ್ಲವನ್ನೂ ಕಲಿತಳು. ಕೈ ತೊಳೆಯುವಾಗ ಹೆಬ್ಬೆರಳನ್ನು ಮರೆಯಬಾರದು. ರೋಗಿ ಮಲಗಿದ್ದಂತೆಯೇ ಶೀಟು ಬದಲಿಸುವಾಗ ಮೊದಲು ಅವರನ್ನು ಅತ್ತ ಹೊರಳಿಸಿ, ಹಳೆಯದನ್ನು ಬೆನ್ನಿನುದ್ದಕ್ಕೂ ಸುರುಳಿ ಸುತ್ತಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಮತ್ತು ಬೆನ್ನಿನ ಬುಡ ಕೆಂಪಾಗಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಭಾವನಲ್ಲಿ ಕಲಿಯಲಾಗದ್ದು ಒಂದೇ, ಉಸಿರು ಎಣಿಸುವುದು.

"ಉಸಿರು ಎಣಿಸ್ತೀನಿ ಅಂತ ಹೇಳ್ಬೇಡಿ," ಎಂದಿದ್ದರು ಟ್ಯೂಟರ್ ಮೇಡಂ. "ಹೇಳಿದ್ರೆ ಅವರ ಉಸಿರಾಟವೇ ಬದಲಾಗುತ್ತೆ. ನಾಡಿ ನೋಡಿದ ಮೇಲೆ ಕೈ ಬಿಡ್ಬೇಡಿ. ಹಿಡಿದುಕೊಂಡೇ ಎದೆ ನೋಡಿ. ಪೂರ್ತಿ ಒಂದು ನಿಮಿಷ."

ದೊಡ್ಡಕ್ಕ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಮಲಗಿದ ಅತ್ತೆಯ ಪಕ್ಕ ಕೂತು ಎಣಿಸಿದಳು. ಹದಿನಾರು. ಅತ್ತೆ ಕಣ್ಣು ತೆರೆಯದೆಯೇ, "ಏನು, ಇನ್ನೂ ಇದ್ದೀನಾ ಅಂತ ನೋಡ್ತಿದ್ದೀಯಾ?" ಎಂದರು.

"ಪಾಠ ಅತ್ತೆ, ಪರೀಕ್ಷೆಗೆ."

"ಹಾಗಿದ್ರೆ ನಿನ್ನ ಗಂಡನದನ್ನ ಎಣಿಸು. ಅವನ ಗೊರಕೆಗೆ ಗಡಿಯಾರವೇ ಬೇಡ."

ಗಂಡ ಬೇಕರಿಯ ಒಲೆ ನೋಡಿಕೊಳ್ಳುವವನು. ಇವಳು ಬರುವ ಹೊತ್ತಿಗೆ ಅವನು ಮಲಗಿರುತ್ತಿದ್ದ, ಅವನು ಏಳುವ ಹೊತ್ತಿಗೆ ಇವಳು ಮಲಗಿರುತ್ತಿದ್ದಳು. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ, ಎರಡು ಬಸ್ಸು, ಏಳೂವರೆಗೆ ವಾರ್ಡು, ಎರಡರವರೆಗೆ ನಿಂತೇ ಕೆಲಸ, ಮೂರರಿಂದ ಐದು ತರಗತಿ. ತರಗತಿಯಲ್ಲಿ ನಿದ್ದೆ ಬರಬಾರದೆಂದು ಅವಳು ಕಿಟಕಿಯ ಬಿಸಿಲು ನೇರ ಮುಖಕ್ಕೆ ಹೊಡೆಯುವ ಜಾಗವನ್ನೇ ಆರಿಸಿಕೊಂಡಿದ್ದಳು. ಆದರೂ ಬರುತ್ತಿತ್ತು.

ಗಂಡಸರ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಮೂವತ್ತೆರಡು ಹಾಸಿಗೆ, ಇಬ್ಬರು ವಿದ್ಯಾರ್ಥಿಗಳು, ತಲೆಗೆ ಹದಿನಾರು. ಜ್ವರ, ನಾಡಿ, ಉಸಿರು, ರಕ್ತದೊತ್ತಡ ಸೇರಿ ಒಬ್ಬರಿಗೆ ಐದು ನಿಮಿಷ ಹಿಡಿದರೆ ಎಂಬತ್ತು ನಿಮಿಷ ಬೇಕು. ಇದ್ದದ್ದು ಅರವತ್ತು. ಮೊದಲ ವಾರ ದೊಡ್ಡಕ್ಕ ಎಲ್ಲವನ್ನೂ ಎಣಿಸಿದಳು, ಪ್ರತಿ ದಿನವೂ ತಡವಾಯಿತು. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್, ಮಂಡಿನೋವಿನಿಂದ ಒಂದು ಕಡೆಗೆ ವಾಲಿ ನಡೆಯುವ ಹೆಂಗಸು, "ಏನಮ್ಮಾ, ಜ್ವರ ನೋಡ್ತಿದ್ದೀಯಾ ಇಲ್ಲಾ ಜಾತಕ ನೋಡ್ತಿದ್ದೀಯಾ?" ಎಂದು ಎಲ್ಲರೆದುರು ಕೇಳಿದರು.

ಆ ದಿನ ಎರಡನೇ ವರ್ಷದ ಹುಡುಗಿಯೊಬ್ಬಳು ಅವಳನ್ನು ಪಕ್ಕಕ್ಕೆ ಕರೆದಳು. "ದೊಡ್ಡಕ್ಕಾ, ಉಸಿರನ್ನ ಯಾರು ಎಣಿಸ್ತಾರೆ? ಇಪ್ಪತ್ತು ಅಂತ ಬರಿ. ಬದುಕಿರೋರೆಲ್ಲ ಇಪ್ಪತ್ತೇ."

ಉಸಿರನ್ನು ಬಿಟ್ಟರೆ ಹದಿನಾರು ನಿಮಿಷ ಉಳಿಯುತ್ತದೆ, ಎಂಬತ್ತು ಅರವತ್ತನಾಲ್ಕಾಗುತ್ತದೆ. ಚಾರ್ಟಿನ ಹಿಂದಿನ ಹಾಳೆಗಳನ್ನು ತಿರುವಿ ನೋಡಿದರೆ ಆ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೂ ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಮೂರು ಪಾಳಿಯ ಮೂರು ಕೈಬರಹ, ಸಂಖ್ಯೆ ಒಂದೇ. ದೊಡ್ಡಕ್ಕ ಮೊದಲು ದಿನಕ್ಕೆ ಇಬ್ಬರಿಗೆ ಹಾಗೆ ಬರೆದಳು. ತಿಂಗಳು ಕಳೆಯುವಷ್ಟರಲ್ಲಿ ಹದಿನಾರೂ ಜನರಿಗೆ ಬರೆಯುತ್ತಿದ್ದಳು. ಇದನ್ನು ಅವಳು ತಪ್ಪೆಂದೂ ಅಂದುಕೊಂಡಿರಲಿಲ್ಲ, ಸರಿಯೆಂದೂ ಅಂದುಕೊಂಡಿರಲಿಲ್ಲ. ಅಂದುಕೊಳ್ಳುವಷ್ಟು ತ್ರಾಣವೇ ಇರುತ್ತಿರಲಿಲ್ಲ.

ಮೊದಲ ಸಲದ ಪರೀಕ್ಷೆಯಲ್ಲಿ ಅವಳು ಫೇಲಾದದ್ದು ನಿಧಾನದಿಂದ. ಕೊಟ್ಟದ್ದು ನಲವತ್ತು ನಿಮಿಷ. ರೋಗಿಯ ಮೈ ಒರೆಸಿ ಮುಗಿಸುವಷ್ಟರಲ್ಲೇ ಅಷ್ಟೂ ಕಳೆದಿತ್ತು, ಹಾಸಿಗೆಗೆ ಕೈ ಹಚ್ಚಿರಲಿಲ್ಲ. "ಕೆಲಸ ಚೊಕ್ಕ, ವೇಗ ಇಲ್ಲ" ಎಂದು ಪರೀಕ್ಷಕರು ಬರೆದರು.

ಎರಡನೆಯದು, ಎಂದರೆ ಕೊನೆಯದು, ಒಂದು ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ. ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಹನ್ನೊಂದನೇ ಹಾಸಿಗೆ. ದೊಡ್ಡಕ್ಕನಿಗೆ ಜೀವ ಬಂದಂತಾಯಿತು. ಅಲ್ಲಿದ್ದವರು ಟೈಲರಜ್ಜ. ಎಪ್ಪತ್ತೊಂದು ವರ್ಷ, ತೊಡೆಯ ಮೂಳೆ ಮುರಿದು ಆಪರೇಷನ್ ಆಗಿ ನಾಲ್ಕು ದಿನ. ನೋವೆಂದು ಅಲುಗಾಡದೆ ಬಿದ್ದುಕೊಂಡಿರುತ್ತಿದ್ದರು, ಆದರೆ ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಹಿಂದಿನ ದಿನವಷ್ಟೇ ಇವಳು ಶೀಟಿನ ಮೂಲೆ ಮಡಿಸುವುದನ್ನು ನೋಡುತ್ತ, "ಸಿಸ್ಟರಮ್ಮಾ, ಈ ನೆರಿಗೆ ಹಿಡಿಯೋಕೆ ನನ್ನ ಹತ್ರ ಕಲಿಯೋಕೆ ಬಂದವರು ಆರು ತಿಂಗಳು ತಗೊಳ್ತಿದ್ರು. ನೀವು ಅಂಗಡಿ ಇಡಿ, ಆಸ್ಪತ್ರೆ ಬಿಡಿ," ಎಂದಿದ್ದರು.

ಹಾಸಿಗೆಯ ಕಾಲ್ದೆಸೆಯಲ್ಲಿ ಟ್ಯೂಟರ್ ಮೇಡಂ ಮತ್ತು ಬೇರೆ ಆಸ್ಪತ್ರೆಯಿಂದ ಬಂದ ಪರೀಕ್ಷಕಿ ನಿಂತರು. ಪರೀಕ್ಷಕಿ ಕನ್ನಡಕದ ಮೇಲಿಂದ ನೋಡಿ, "ಮೊದಲು ಜ್ವರ, ನಾಡಿ, ಉಸಿರು, ಪ್ರೆಷರ್. ಆಮೇಲೆ ತಲೆ ಕಡೆ ಇಳಿಸಿ, ಮಟ್ಟಸ ಮಲಗಿಸಿ ಶೀಟು ಬದಲಿಸಿ. ನಲವತ್ತು ನಿಮಿಷ. ಶುರು ಮಾಡಿ," ಎಂದರು.

"ನಮಸ್ಕಾರ ಅಜ್ಜಾ, ಹೇಗಿದ್ದೀರಿ?"

"ಇದ್ದೀನಿ," ಎಂದರು ಟೈಲರಜ್ಜ. ಒಂದು ಉಸಿರು ಎಳೆದುಕೊಂಡು, "ಸಿಸ್ಟರಮ್ಮಾ," ಎಂದರು. ಮತ್ತೆ ಉಸಿರು. "ಪರೀಕ್ಷೆಯಾ?"

ಜ್ವರ ನೂರು ಪಾಯಿಂಟ್ ಆರು. ನಾಡಿ ನೂರ ಹನ್ನೆರಡು. ಅವಳು ಕೈ ಬಿಡದೆ ಎದೆಯ ಕಡೆ ನೋಡಿದಳು. ಎದುರಿಗೆ ಇಬ್ಬರು ನಿಂತು ನೋಡುತ್ತಿದ್ದುದರಿಂದ ಪೂರ್ತಿ ನಿಮಿಷ ಎಣಿಸಲೇಬೇಕಿತ್ತು. ಇಪ್ಪತ್ತೆಂಟು. ಲೆಕ್ಕ ತಪ್ಪಿತೆಂದುಕೊಂಡು ಇನ್ನೊಂದು ನಿಮಿಷ ಎಣಿಸಿದಳು. ಇಪ್ಪತ್ತೊಂಬತ್ತು. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಪ್ರೆಷರ್ ಮಾತ್ರ ಸರಿಯಾಗಿತ್ತು.

ಚಾರ್ಟು ತೆಗೆದಳು. ಪರೀಕ್ಷೆಯೆಂದು ಅವತ್ತು ವಿದ್ಯಾರ್ಥಿಗಳ ಬೆಳಗಿನ ಸುತ್ತು ಇರಲಿಲ್ಲ. ಆ ಬೆಳಗಿನ ಆರು ಗಂಟೆಗೆ ಇಪ್ಪತ್ತು. ಹಿಂದಿನ ಸಂಜೆ ಇಪ್ಪತ್ತು. ಅದಕ್ಕೆ ಮೇಲೆ, ಹಿಂದಿನ ಬೆಳಗಿನ ಸುತ್ತಿನ ಚೌಕದಲ್ಲಿ, ಸೊನ್ನೆಯನ್ನು ಸ್ವಲ್ಪ ಉದ್ದಕ್ಕೆ ಬರೆಯುವ ಅವಳದೇ ಕೈಯಲ್ಲಿ, ಇಪ್ಪತ್ತು.

ಮುಂದಿನ ಹೆಜ್ಜೆ ಅವಳಿಗೆ ಬಾಯಿಪಾಠವಾಗಿತ್ತು. ತಲೆಯ ಕಡೆ ಇಳಿಸಬೇಕು, ಹೊರಳಿಸಬೇಕು, ಶೀಟು ಸುತ್ತಬೇಕು. ಅವಳಷ್ಟು ಚೊಕ್ಕವಾಗಿ ಆ ತರಗತಿಯಲ್ಲಿ ಯಾರೂ ಹಾಸಿಗೆ ಹಾಸುತ್ತಿರಲಿಲ್ಲ. ಹನ್ನೆರಡು ನಿಮಿಷದ ಕೆಲಸ. ಆದರೆ ಉಸಿರು ಕಟ್ಟುತ್ತಿರುವವರನ್ನು ಮಟ್ಟಸ ಮಲಗಿಸಬಾರದೆಂಬುದೂ ಬಾಯಿಪಾಠವಾಗಿತ್ತು. ಇಪ್ಪತ್ತು ಎಂದು ಬರೆದರೆ ಮಲಗಿಸಬಹುದು. ಇಪ್ಪತ್ತೆಂಟು ಎಂದು ಬರೆದರೆ ಪರೀಕ್ಷೆ ಅಲ್ಲಿಗೆ ನಿಂತಂತೆ, ಮತ್ತು ನಿನ್ನೆಯದು ಯಾರದೆಂಬ ಪ್ರಶ್ನೆ ಬಂದಂತೆ.

"ಹ್ಞೂಂ, ಮುಂದೆ," ಎಂದರು ಪರೀಕ್ಷಕಿ.

ದೊಡ್ಡಕ್ಕ ಹಾಸಿಗೆಯ ಹಿಡಿಯನ್ನು ತಿರುಗಿಸಿದಳು. ಇಳಿಸಲಿಲ್ಲ, ಏರಿಸಿದಳು. ದಿಂಬೊಂದನ್ನು ಟೈಲರಜ್ಜರ ಬೆನ್ನಿಗೆ ಒತ್ತಿಟ್ಟಳು.

"ಇದೇನು? ಇಳಿಸಿ ಅಂದದ್ದು."

"ಇವರಿಗೆ ಉಸಿರು ಇಪ್ಪತ್ತೆಂಟಿದೆ ಮೇಡಂ. ಜ್ವರ ಇದೆ. ಮಾತು ನಡುವೆ ತುಂಡಾಗ್ತಿದೆ. ಮಲಗಿಸೋಕೆ ಆಗಲ್ಲ. ಸಿಸ್ಟರನ್ನ ಕರೀಬೇಕು."

ಪರೀಕ್ಷಕಿ ಚಾರ್ಟು ಕೈಗೆತ್ತಿಕೊಂಡರು. "ನಿನ್ನೆಯಿಂದ ಇಪ್ಪತ್ತಿದೆಯಲ್ಲಾ?"

"ನಿನ್ನೆ ಬೆಳಗಿನ ಸುತ್ತಿನದು ನಾನು ಬರೆದದ್ದು," ಎಂದಳು ದೊಡ್ಡಕ್ಕ. "ಎಣಿಸಿರಲಿಲ್ಲ."

ಟ್ಯೂಟರ್ ಮೇಡಂ ಕಣ್ಣು ಮುಚ್ಚಿ ತೆರೆದರು. ಪರೀಕ್ಷಕಿ ತಾವೇ ಟೈಲರಜ್ಜರ ಕೈ ಹಿಡಿದು, ವಾಚು ನೋಡುತ್ತ ಒಂದು ನಿಮಿಷ ನಿಂತರು. ಆಮೇಲೆ, "ಕರೀರಿ," ಎಂದರು.

ಇನ್‌ಚಾರ್ಜ್ ಸಿಸ್ಟರ್ ವಾಲುತ್ತ ಓಡಿಬಂದರು, ಅವರ ಹಿಂದೆ ಡಾಕ್ಟರು. ಎದೆಗೆ ಸ್ಟೆತಾಸ್ಕೋಪ್ ಇಟ್ಟ ಡಾಕ್ಟರು ಬಲಗಡೆ ಕೆಳಗೆ ಎರಡು ಸಲ ಕೇಳಿದರು. ಆಕ್ಸಿಜನ್ ಬಂತು, ಎಕ್ಸ್‌ರೇ ಆಯಿತು. ಅಲುಗಾಡದೆ ಮಲಗಿ ಮಲಗಿ ಬಲ ಶ್ವಾಸಕೋಶದ ಬುಡದಲ್ಲಿ ಕಫ ಕಟ್ಟಿ ಸೋಂಕಾಗಿತ್ತು. "ನಿನ್ನೆಯೇ ಗೊತ್ತಾಗಿದ್ರೆ ಚೆನ್ನಾಗಿತ್ತು," ಎಂದರು ಡಾಕ್ಟರು, ಯಾರಿಗೂ ಅಲ್ಲವೆಂಬಂತೆ. ಅದು ಯಾರಿಗೆಂದು ದೊಡ್ಡಕ್ಕನಿಗೆ ಗೊತ್ತಿತ್ತು. ಹಿಂದಿನ ದಿನ ಅವರ ಉಸಿರು ನಿಜಕ್ಕೂ ಎಷ್ಟಿತ್ತೆಂಬುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ. ಇಪ್ಪತ್ತೇ ಇದ್ದಿರಬಹುದು. ಇನ್ನು ಎಂದಿಗೂ ಗೊತ್ತಾಗುವಂತಿರಲಿಲ್ಲ.

ಮಧ್ಯಾಹ್ನ ಅವಳನ್ನು ಆಫೀಸಿಗೆ ಕರೆದರು. ಪರೀಕ್ಷಕಿ ಊಟದ ಡಬ್ಬಿ ಮುಚ್ಚುತ್ತಿದ್ದರು.

"ಶೀಟು ಬದಲಿಸಲಿಲ್ಲ, ಆ ಅಂಕ ಇಲ್ಲ. ರೋಗಿಯನ್ನ ನೋಡಿದ್ದಕ್ಕೆ ಪೂರ್ತಿ ಅಂಕ ಕೊಟ್ಟಿದ್ದೀನಿ. ಎಲ್ಲಾ ಸೇರಿ ಐವತ್ತೆರಡು. ಪಾಸಿಗೆ ಐವತ್ತು," ಎಂದು ಪರೀಕ್ಷಕಿ ಟ್ಯೂಟರ್ ಮೇಡಂ ಕಡೆ ತಿರುಗಿದರು. "ನಿನ್ನೆಯ ವಿಷಯ ನಿಮ್ಮ ಶಾಲೆಯದು."

"ಏನು ಮಾಡ್ಲಿ ನಿನ್ನನ್ನ?" ಎಂದರು ಟ್ಯೂಟರ್ ಮೇಡಂ. ಅವರ ದನಿಯಲ್ಲಿ ಕೋಪಕ್ಕಿಂತ ಸುಸ್ತೇ ಹೆಚ್ಚಿತ್ತು. "ಸುಳ್ಳು ಬರೆದದ್ದು ಕಿವಿಗೆ ಬಿದ್ದ ಮೇಲೆ ಸುಮ್ಮನೆ ಬಿಡೋಕಾಗಲ್ಲ. ಎರಡು ತಿಂಗಳು ರಜೆ ಇಲ್ಲ, ಭಾನುವಾರವೂ ಡ್ಯೂಟಿ. ಚಾರ್ಟಲ್ಲಿ ನಿನ್ನೆಯದರ ಪಕ್ಕ, ಎಣಿಸಿಲ್ಲ ಅಂತ ಬರೆದು ಇವತ್ತಿನ ತಾರೀಖು ಹಾಕಿ ಸಹಿ ಮಾಡು."

"ಆಗ್ಲಿ ಮೇಡಂ."

"ಬೇರೆಯವರು ಬರೆದದ್ದೂ ಎಣಿಸಿದ್ದಲ್ಲ ಅಂತ ಹೇಳಲಿಲ್ಲವಲ್ಲ ನೀನು?"

"ಅದು ನಂಗೆ ಗೊತ್ತಿಲ್ಲ ಮೇಡಂ. ನನ್ನದಷ್ಟೇ ಗೊತ್ತು."

ಮನೆಯಲ್ಲಿ ಅತ್ತೆ ಕೇಳಿದ್ದು ಒಂದೇ ಮಾತು: "ಪಾಸಾ?" ಹೌದೆಂದಾಗ, "ಮತ್ತೆ ಮುಖ ಯಾಕೆ ಹಿಂಡಿದ ಬಟ್ಟೆ ಥರ ಇದೆ?" ಎಂದರು. ಇನ್ನು ಎರಡು ತಿಂಗಳು ಭಾನುವಾರವೂ ಇಲ್ಲವೆಂದು ಹೇಳಿ ದೊಡ್ಡಕ್ಕ ನೆಲದ ಮೇಲೆ ಕಾಲು ಚಾಚಿದಳು. ಅತ್ತೆ ಗೊಣಗಿಕೊಂಡೇ ಎದ್ದು ಹೋಗಿ ನಾಳೆ ಬೆಳಗಿನ ಅಡುಗೆಗೆ ತರಕಾರಿ ಹೆಚ್ಚಲು ಕೂತರು.

ಮರುದಿನದಿಂದ ಅವಳು ಇಪ್ಪತ್ತು ನಿಮಿಷ ಮುಂಚಿನ ಬಸ್ಸು ಹಿಡಿದಳು. ಆದರೆ ವಾರ್ಡಿನಲ್ಲಿ ಒಬ್ಬರು ಬೆಡ್‌ಪ್ಯಾನ್ ಕೇಳುತ್ತಾರೆ, ಇನ್ನೊಬ್ಬರು ನೀರು ಕೇಳುತ್ತಾರೆ, ಉಳಿಸಿದ ಇಪ್ಪತ್ತು ನಿಮಿಷ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಹತ್ತು ದಿನದ ನಂತರ ಒಂದು ಬೆಳಿಗ್ಗೆ ಹದಿನಾರರಲ್ಲಿ ಹನ್ನೊಂದು ಜನರ ಉಸಿರು ಎಣಿಸುವಷ್ಟರಲ್ಲೇ ಹೊತ್ತು ಮೀರುತ್ತ ಬಂತು. ಉಳಿದ ಐದು ಚಾರ್ಟುಗಳಲ್ಲಿ ಉಸಿರಿನ ಕಾಲಮ್ಮನ್ನು ಖಾಲಿ ಬಿಟ್ಟು ಅವಳು ಮೇಜಿನ ಮೇಲೆ ಇಟ್ಟಳು.

ಇನ್‌ಚಾರ್ಜ್ ಸಿಸ್ಟರ್ ಒಂದೊಂದಾಗಿ ತಿರುವಿದರು. "ಏನಿದು, ಐದು ಮನೆ ಖಾಲಿ?"

"ಆಗಲಿಲ್ಲ ಸಿಸ್ಟರ್. ಎಣಿಸಿಲ್ಲ."

"ಎಂಟೂವರೆಗೆ ಡಾಕ್ಟರು ಬರ್ತಾರೆ. ಖಾಲಿ ನೋಡಿದ್ರೆ ನನ್ನನ್ನೇ ಕೇಳೋದು."

ದೊಡ್ಡಕ್ಕ ಪೆನ್ನನ್ನು ಜೇಬಿನಿಂದ ತೆಗೆಯಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಗೋಡೆಯ ಗಡಿಯಾರ ನೋಡಿದರು, ಚಾರ್ಟುಗಳನ್ನು ನೋಡಿದರು, ಅಬ್ಬಬ್ಬಾ ಎಂದು ಮಂಡಿ ಹಿಡಿದುಕೊಂಡು ಕುರ್ಚಿಯಿಂದ ಎದ್ದರು.

"ಮೂರು ನನಗೆ ಕೊಡು. ಎರಡು ನೀನು ನೋಡು. ಬೇಗ."

ಇಬ್ಬರೂ ಎರಡು ದಿಕ್ಕಿಗೆ ನಡೆದರು. ದೊಡ್ಡಕ್ಕ ಹದಿನೈದನೇ ಹಾಸಿಗೆಯವರ ಕೈ ಹಿಡಿದು ಮೊದಲು ನಾಡಿ ನೋಡಿದಳು. ಆಮೇಲೂ ಕೈ ಬಿಡಲಿಲ್ಲ. ಸಾಲಿನ ಆಚೆ ಕೊನೆಯಲ್ಲಿ ಇನ್‌ಚಾರ್ಜ್ ಸಿಸ್ಟರ್ ಮಂಚಕ್ಕೆ ಒರಗಿ ನಿಂತು, ತುಟಿ ಅಲುಗಿಸುತ್ತ, ಯಾರದೋ ಎದೆಯನ್ನು ನೋಡುತ್ತಿದ್ದರು.