ಬೆಳ್ಳಿಯ ಮೀಸೆ

ಮಾದಾಪುರದ ಪೋಸ್ಟ್ ಆಫೀಸಿಗೆ ತಿಂಗಳಿಗೊಂದು ವಿಚಿತ್ರ ಲಕೋಟೆ ಬರುತ್ತದೆ. ಒಳಗಿರುವುದು ಬೆಕ್ಕಿನ ಮೀಸೆ. ಎರಡೋ ಮೂರೋ ಕೂದಲು, ಬಟರ್ ಪೇಪರಿನಲ್ಲಿ ಮಡಿಸಿ, ಮೇಲೆ ಉದುರಿದ ತಾರೀಕು ಬರೆದದ್ದು. ಕೌಂಟರಿನ ಮಂಜುನಾಥನಿಗೆ ನಾಲ್ಕು ವರ್ಷದಿಂದ ಇದು ಮುಗಿಯದ ತಮಾಷೆ.

"ಏನ್ ಸಿದ್ದಣ್ಣ, ಬೆಕ್ಕಿಗೆ ಕ್ಷೌರ ಆಯ್ತಾ?"

"ಕಿತ್ತಿದ್ದಲ್ಲ ಮಾರಾಯ, ತಾನಾಗಿ ಉದುರಿದ್ದು. ಕಿತ್ತಿದ್ದು ಕೆಲಸಕ್ಕೆ ಬರಲ್ಲ."

ನಗಬೇಕಾದ ಕಡೆ ಗಂಭೀರನಾಗುವುದು ಸಿದ್ದಣ್ಣನ ಹುಟ್ಟುಗುಣ. ಮೈಸೂರಿನ ಒಂದು ಸಂಶೋಧನಾಲಯದಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದು, ಗಾಜು ತೊಳೆದು ತೊಳೆದು ಬೆರಳಿನ ಗೆರೆ ಸವೆಸಿಕೊಂಡವನು. ಹೆಂಡತಿ ವಿಮಲಮ್ಮ ಅವನ ನಿವೃತ್ತಿಗೆ ಎರಡು ವರ್ಷ ಮೊದಲೇ ತೀರಿಕೊಂಡಳು. ಮಕ್ಕಳಿಲ್ಲ. ಹುಟ್ಟಿದ್ದು ಈ ಕಡೆಯ ಹಳ್ಳಿ ಎಂಬ ಒಂದೇ ಕಾರಣಕ್ಕೆ ಮಾದಾಪುರಕ್ಕೆ ಬಂದು, ಗೊಬ್ಬರದ ಅಂಗಡಿಯ ಹಿಂದೆ ಒಂದು ಕೋಣೆ ಹಿಡಿದಿದ್ದಾನೆ. ಜೊತೆಗೆ ಬೆಳ್ಳಿ ಎಂಬ ಬಿಳಿ ಬೆಕ್ಕು. ಇಷ್ಟೇ ಸಂಸಾರ.

ಮೀಸೆಯ ಕಥೆ ಶುರುವಾದದ್ದು ಚಿತ್ರಾ ಮೇಡಂ ಇನ್ನೂ ವಿದ್ಯಾರ್ಥಿನಿಯಾಗಿದ್ದಾಗ. ಬ್ಯಾಕ್ಟೀರಿಯಾದ ಒಂದು ಪ್ರೋಟೀನಿನ ಹಿಂದೆ ಬಿದ್ದಿದ್ದ ಹುಡುಗಿ ಅದು. ಊಟ ಬಿಟ್ಟು ಕೂರುತ್ತಿದ್ದವಳಿಗೆ ಸಿದ್ದಣ್ಣ ಕ್ಯಾಂಟೀನಿನಿಂದ ಇಡ್ಲಿ ತಂದುಕೊಟ್ಟು, ಅದು ಏನು ಕೆಲಸ ಎಂದು ಕೇಳಿದ್ದ. ಅವಳು ಬೋರ್ಡಿನ ಮೇಲೆ ಬರೆದೇ ತೋರಿಸಿದಳು. ಜೀವಕೋಶದೊಳಗೆ ಹೊಸ ಪ್ರೋಟೀನುಗಳು ನೂಲಿನ ಎಳೆಯ ಹಾಗೆ ಹುಟ್ಟುತ್ತವೆ. ಕೆಲವಕ್ಕೆ ಕೆಲಸ ಇರುವುದು ಕೋಶದ ಪೊರೆಯಲ್ಲಿ. ಅವು ಎಣ್ಣೆಯ ಗುಣದವು, ನೀರಿನಲ್ಲಿ ಬಿಟ್ಟರೆ ಒಂದಕ್ಕೊಂದು ಅಂಟಿ ಮುದ್ದೆಯಾಗಿ ಹಾಳಾಗುತ್ತವೆ. ಅದಕ್ಕೇ ಈ ಪ್ರೋಟೀನು ಕಾದಿದ್ದು, ಎಳೆಯ ತುದಿ ಹೊರಗೆ ಕಂಡ ಕೂಡಲೇ ಹಿಡಿದುಕೊಂಡು, ಪೊರೆಯ ಬಾಗಿಲಿಗೆ ಮುಟ್ಟಿಸುತ್ತದೆ. ಹೇಗೆ ಹಿಡಿಯುತ್ತದೆ ಎಂದು ತಿಳಿಯಬೇಕಾದರೆ ಅದರ ಆಕಾರ ಕಾಣಬೇಕು. ಆಕಾರ ಕಾಣಬೇಕಾದರೆ ಅದು ಹರಳುಗಟ್ಟಬೇಕು.

"ಮುಟ್ಟಿಸಿದ ಮೇಲೆ ಅದೂ ಒಳಗೆ ಹೋಗುತ್ತಾ?"

"ಇಲ್ಲ ಸಿದ್ದಣ್ಣ. ಬಾಗಿಲವರೆಗೆ ಮಾತ್ರ. ಬಿಟ್ಟು ವಾಪಸ್ ಬರುತ್ತೆ."

ಎರಡು ವರ್ಷ ಹರಳು ಬರಲಿಲ್ಲ. ಬಂದರೆ ಬರೀ ಪುಡಿ. ಆ ಪುಡಿಯನ್ನು ಬೆಕ್ಕಿನ ಮೀಸೆಯ ತುದಿಗೆ ತಾಗಿಸಿ ಹೊಸ ಹನಿಯಲ್ಲಿ ಎಳೆದರೆ ಆ ಗೆರೆಯುದ್ದಕ್ಕೂ ಹರಳು ಬೆಳೆಯಬಹುದು ಎಂದು ಯಾವುದೋ ಪುಸ್ತಕದಲ್ಲಿತ್ತು. ಮರುದಿನ ಸಿದ್ದಣ್ಣ ಕ್ವಾರ್ಟರ್ಸಿನಲ್ಲಿ ಆಗ ಸಾಕಿದ್ದ ಬೆಕ್ಕು ದಿಂಬಿನ ಮೇಲೆ ಉದುರಿಸಿದ್ದ ಮೀಸೆಯನ್ನು ಬೆಂಕಿಪೊಟ್ಟಣದಲ್ಲಿ ತಂದ. ಐದನೆಯ ದಿನ ಸೂಕ್ಷ್ಮದರ್ಶಕದ ಕೆಳಗೆ ಸಾಲಾಗಿ ಹೊಳೆಯುವ ಹರಳು! ಚಿತ್ರಾ ಅವನ ಎರಡೂ ಕೈ ಹಿಡಿದು ಅತ್ತುಬಿಟ್ಟಳು. ಅವನ ಜೀವಮಾನದಲ್ಲಿ ಅಂಥ ದಿನ ಮತ್ತೊಂದಿಲ್ಲ.

ಆ ಹರಳುಗಳಿಗೆ ಎಕ್ಸ್-ರೇ ಹಾಯಿಸಿದರೆ ಚಿತ್ರ ಮಸುಕು ಮಸುಕು. ಇನ್ನೂ ಒಳ್ಳೆಯವು ಬೇಕಿತ್ತು. ವರ್ಷಗಳು ಹೋದವು. ಚಿತ್ರಾ ಅದೇ ಲ್ಯಾಬಿನ ಮುಖ್ಯಸ್ಥೆಯಾದಳು, ಸಿದ್ದಣ್ಣನ ಬಾಯಲ್ಲಿ ಮೇಡಂ ಆದಳು. ಅವನು ಶಾಲು ಹೊದೆಸಿಕೊಂಡು ಹೊರಟ ದಿನ ಮೇಡಂ ಗೇಟಿನವರೆಗೆ ಬಂದು, "ಮೀಸೆ ಮಾತ್ರ ಕಳಿಸ್ತಾ ಇರಿ ಸಿದ್ದಣ್ಣ," ಎಂದರು.

ಲಕೋಟೆ ಮುಟ್ಟಿದ ದಿನ ಮೇಡಂ ಫೋನ್ ಮಾಡುತ್ತಾರೆ. "ಬಂತು ಸಿದ್ದಣ್ಣ, ಒಳ್ಳೆ ಮೀಸೆ." "ಕ್ರಿಸ್ಟಲ್ ಬಂತಾ ಮೇಡಂ?" "ಬರ್ತಾ ಇದೆ." ಆಮೇಲೆ ಮಳೆ, ಬೆಳ್ಳಿಯ ಆರೋಗ್ಯ, ಅವನ ಮಂಡಿನೋವು. ಹೆಚ್ಚೆಂದರೆ ಹತ್ತು ನಿಮಿಷ. ಸಾಲ ಬೇಕಾ ಎಂದು ಕೇಳುವ ಕಂಪನಿಯವರನ್ನು ಬಿಟ್ಟರೆ ಸಿದ್ದಣ್ಣನ ಫೋನು ತಿಂಗಳಲ್ಲಿ ಬಡಿದುಕೊಳ್ಳುತ್ತಿದ್ದುದು ಆ ಒಂದು ಸಲ.

ಈ ಜನವರಿಯಲ್ಲಿ ಭವ್ಯಶ್ರೀ ಎಂಬ ಹುಡುಗಿ ಅವನ ಬಾಗಿಲಿಗೆ ಬಂದಳು. ಮಡಿಕೇರಿಯವಳು, ಮೇಡಂ ಕೈಕೆಳಗೆ ಪಿಎಚ್‌ಡಿ. ರಜೆಗೆ ಊರಿಗೆ ಬಂದವಳು ಸೋಮವಾರಪೇಟೆ ಬಸ್ಸು ಹತ್ತಿ ಹುಡುಕಿಕೊಂಡು ಬಂದಿದ್ದಳು. ಚೀಲದಿಂದ ಮುಷ್ಟಿಗಾತ್ರದ ಒಂದು ನೀಲಿ ಪ್ಲಾಸ್ಟಿಕ್ ಗೊಂಬೆ ತೆಗೆದು ಮೇಜಿನ ಮೇಲಿಟ್ಟಳು.

"ಅಂಕಲ್, ಇದೇ ನಮ್ಮ ಪ್ರೋಟೀನ್. ಸ್ಟ್ರಕ್ಚರ್ ಸಿಕ್ತು. ಊರಿಗೆ ಹೊರಟಿದ್ದೀನಿ ಅಂದಿದ್ದಕ್ಕೆ ಮೇಡಂ ನಿಮಗೆ ಕೊಟ್ಟು ಬಾ ಅಂದ್ರು."

ಸಿದ್ದಣ್ಣ ಕೈ ಒರೆಸಿಕೊಂಡು ಎತ್ತಿಕೊಂಡ. ಎರಡು ಭಾಗ, ಮಧ್ಯೆ ಬಾಗಿದ ಕತ್ತು, ಒಂದು ಭಾಗದ ಅಡಿಯಲ್ಲಿ ಒಂದು ಸಣ್ಣ ಕಾಲುವೆ. ಎಳೆಯ ತುದಿಯನ್ನು ಹಿಡಿಯುವುದು ಅಲ್ಲೇ, ಅದರ ಒಳಮೈಗೆಲ್ಲ ಬ್ರಷ್ಷಿನ ಹಾಗೆ ಬಾಗುವ ಮೃದು ಎಳೆಗಳಿವೆ, ಅದಕ್ಕೇ ಯಾವ ಥರದ ತುದಿ ಬಂದರೂ ಒಗ್ಗಿಸಿಕೊಳ್ಳುತ್ತದೆ ಎಂದಳು. ಅವನು ಕಿರುಬೆರಳನ್ನು ಕಾಲುವೆಯೊಳಗಿಟ್ಟು ನೋಡಿದ. ಸರಿಯಾಗಿ ಕೂತಿತು.

"ಅಂತೂ ಕ್ರಿಸ್ಟಲ್ ಬಂತು!" ಎಂದ.

"ಅಯ್ಯೋ, ಕ್ರಿಸ್ಟಲ್ ಎಲ್ಲಿ ಅಂಕಲ್? ಅದನ್ನ ಬಿಟ್ಟು ನಾಲ್ಕು ವರ್ಷ ಆಯ್ತು. ಈಗ ಸ್ಯಾಂಪಲ್ಲನ್ನ ಹಾಗೇ ಹೆಪ್ಪುಗಟ್ಟಿಸಿ ದೊಡ್ಡ ಮೈಕ್ರೋಸ್ಕೋಪಲ್ಲಿ..." ಅಷ್ಟರಲ್ಲಿ ಅವಳ ಕಣ್ಣು ಕಿಟಕಿಯಲ್ಲಿ ಮೀಸೆ ಮಡಿಸಲು ಇಟ್ಟಿದ್ದ ಬಟರ್ ಪೇಪರಿನ ಮೇಲೆ ಬಿತ್ತು. ಮುಖ ಕಪ್ಪಿಟ್ಟಿತು. "ಓ. ಆ ಮೀಸೆ ಕಳಿಸೋರು ನೀವಾ?"

ಸಿದ್ದಣ್ಣ ಗೊಂಬೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಮೇಡಂ ಡ್ರಾಯರಲ್ಲಿ ಎಲ್ಲಾ ಇದೆ ಅಂಕಲ್. ಒಂದನ್ನೂ ಬಿಸಾಕಿಲ್ಲ."

"ನಂಗೆ ಗೊತ್ತಾಯ್ತು ಅಂತ ಅವರಿಗೆ ಹೇಳ್ಬೇಡಮ್ಮ," ಎಂದು ಅವಳಿಗೆ ಕಾಫಿ ಮಾಡಿಕೊಟ್ಟ. ಸಕ್ಕರೆ ಹಾಕಲು ಮರೆತಿದ್ದ. ಅವಳು ಹಾಗೇ ಕುಡಿದು ಬಸ್ಸಿಗೆ ಹೋದಳು.

ಸಿಟ್ಟು ಬಂದದ್ದು ಆಮೇಲೆ. ನಾಲ್ಕು ವರ್ಷ! ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ ತನ್ನನ್ನು ಆಡಿಸಿದರಲ್ಲ. ಮಳೆಗಾಲದಲ್ಲಿ ಮಂಡಿ ಹಿಡಿದುಕೊಂಡು ಪೋಸ್ಟ್ ಆಫೀಸಿಗೆ ಹೋದದ್ದು, ಮಂಜುನಾಥನ ಕುಹಕ, ಎಲ್ಲ ನೆನಪಾಗಿ ನಾಚಿಕೆಯಿಂದ ಮೈ ಬಿಸಿಯಾಯಿತು. ಬೆಳ್ಳಿ ಕಾಲಿಗೆ ಮೈ ತೀಡಿದರೆ, "ಹೋಗೆ ಅತ್ಲಾಗೆ," ಎಂದು ಗದರಿದ. ಇನ್ನು ಕಳಿಸುವುದಿಲ್ಲ. ಮೀಸೆ ಇಲ್ಲದೆ ಫೋನ್ ಬರುತ್ತದೋ ನೋಡೇಬಿಡೋಣ ಎಂದು ಹಟ ಹಿಡಿದ.

ಫೆಬ್ರವರಿ ಹೋಯಿತು. ಫೋನಿಲ್ಲ. ಊರಿಗೆಲ್ಲ ಕಾಫಿ ಹೂವಿನ ವಾಸನೆ ತುಂಬಿ ಅದೂ ಇಳಿಯಿತು. ಉದುರಿದ ಮೀಸೆಯನ್ನು ಗುಡಿಸಿ ಹಾಕಲು ಮನಸ್ಸಾಗದೆ ಬೆಂಕಿಪೊಟ್ಟಣಕ್ಕೆ ಸೇರಿಸುತ್ತಿದ್ದ. ಫೋನನ್ನು ಬಚ್ಚಲಿನ ಬಾಗಿಲಿಗೂ ಒಯ್ಯತೊಡಗಿದ. ಮಂಜುನಾಥ ರಸ್ತೆಯಲ್ಲಿ ಸಿಕ್ಕಿ, "ಏನಣ್ಣ, ಕಾಣ್ಲೇ ಇಲ್ಲ, ಬೆಕ್ಕು ಇದೆ ತಾನೇ?" ಎಂದು ಈ ಸಲ ನಗದೆ ಕೇಳಿದ. ಸಿದ್ದಣ್ಣನಿಗೆ ಅಳು ಬಂತು. ತಾನು ಕಳಿಸುತ್ತಿದ್ದುದು ಆ ಹತ್ತು ನಿಮಿಷಕ್ಕಾಗಿ, ಮೀಸೆ ಬರೀ ನೆಪ ಎಂದು ಅವನಿಗೇ ಗೊತ್ತಿತ್ತು. ಈಗ ಅದೂ ಹೋಯಿತು.

ಮಾರ್ಚ್ ಎರಡನೇ ವಾರ, ಅನ್ನಕ್ಕೆ ಇಟ್ಟಿದ್ದಾಗ ಫೋನು ಬಡಿದುಕೊಂಡಿತು.

"ಸಿದ್ದಣ್ಣ, ಏನಿದು? ಎರಡು ತಿಂಗಳಿಂದ ಮೀಸೆ ಇಲ್ಲ. ಇಲ್ಲಿ ಕೆಲಸ ನಿಂತುಹೋಗಿದೆ." ಮೇಡಂ ಒಂದೇ ಉಸಿರಿಗೆ ಕೇಳಿದರು. "ಹುಷಾರಾಗಿದ್ದೀರಾ? ಬೆಳ್ಳಿ ಹುಷಾರಾಗಿದೆಯಾ? ದಿನಾ ಫೋನ್ ಮಾಡೋಣ ಅಂತೀನಿ, ಏನೋ ಕೆಟ್ಟ ಸುದ್ದಿ ಕೇಳಬೇಕಾಗುತ್ತೇನೋ ಅಂತ ಹೆದರಿಕೆ..."

ಸಿದ್ದಣ್ಣ ಕಿಟಕಿಯ ಬಳಿಯ ಬೆಂಕಿಪೊಟ್ಟಣವನ್ನು ನೋಡಿದ. ಒಳಗೆ ಏಳು ಮೀಸೆಗಳಿದ್ದವು.

"ಉದುರಿರಲಿಲ್ಲ ಮೇಡಂ," ಎಂದ. "ಚಳಿಗೆ ಏನೋ. ನಿನ್ನೆ ಒಂದು ಸಿಕ್ತು. ನಾಳೆನೇ ಪೋಸ್ಟ್ ಮಾಡ್ತೀನಿ."

"ಮಾಡಿ ಸಿದ್ದಣ್ಣ. ತುಂಬಾ ಬೇಕಾಗಿದೆ."

ಅನ್ನ ತಳ ಹಿಡಿಯುವ ವಾಸನೆ ಬಂತು. ಅವನು ಎದ್ದು ಒಲೆ ಆರಿಸಲಿಲ್ಲ. ನೀಲಿ ಗೊಂಬೆಯ ಮಾತನ್ನು ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಕಣ್ಣೊರೆಸಿಕೊಂಡು, ಪ್ರತಿ ತಿಂಗಳೂ ಕೇಳುವ ಹಾಗೇ ಕೇಳಿದ.

"ಕ್ರಿಸ್ಟಲ್ ಬಂತಾ ಮೇಡಂ?"

"ಬರ್ತಾ ಇದೆ," ಎಂದರು ಮೇಡಂ.