ಬೊಂಗ್‌ಸುನಳ ಬೇರಿನ ರಸ

ಕೊರಿಯಾದ ಜೆಚಿಯೊನ್ ಪೇಟೆಯಲ್ಲಿ ಮೂವತ್ತು ವರ್ಷದಿಂದ ಗಿಡಮೂಲಿಕೆ ಮಾರುವ ತಾಕ್ ಬೊಂಗ್‌ಸುನ್, ಕುರುವಿಗೆಂದು ಹಳದಿ ಬೇರಿನ ರಸವೊಂದನ್ನು ತಾನೇ ಕಂಡುಹಿಡಿದಿದ್ದಳು. "ಅದಕ್ಕೆ ಹೆದರಿ ಓಡೋದು ಕುರು ಅಲ್ಲ, ಗಿರಾಕಿಗಳು ಮಾತ್ರ ಕಣೇ," ಎಂದು ಗಂಡ ಆಡಿಕೊಳ್ಳುತ್ತಿದ್ದ. ಅವನ ಬಾಯಿ ಮುಚ್ಚಿಸಲೇಬೇಕೆಂದು ಆಕೆ ರಸದ ಸೀಸೆಯನ್ನು ಪರೀಕ್ಷೆ ಮಾಡಿಸಲೆಂದು, ಕಾಲೇಜಿನ ಪ್ರಯೋಗಾಲಯದಲ್ಲಿದ್ದ ಅಕ್ಕನ ಮಗಳು ಹ್ಯೆರಿಮ್‌ಗೆ ಕೊಟ್ಟಳು.

ಎರಡು ದಿನಕ್ಕೆ ಹ್ಯೆರಿಮ್ ಕ್ರಿಮಿ ಬೆಳೆಸಿದ ಗಾಜಿನ ತಟ್ಟೆ ಹಿಡಿದು ಮನೆಗೆ ಬಂದಳು. ರಸ ಬಿದ್ದ ಕಡೆ ಕ್ರಿಮಿಗಳೆಲ್ಲ ಸತ್ತು, ದೊಡ್ಡ ನಾಣ್ಯದಷ್ಟು ಜಾಗ ಬೋಳಾಗಿತ್ತು. ಬೊಂಗ್‌ಸುನ್ ಕುಣಿಯುವುದೊಂದು ಬಾಕಿ. ಹ್ಯೆರಿಮ್ ಮಾತ್ರ ಸೀಸೆಯನ್ನು ಮೂಸಿ ನೋಡಿದಳು.

"ಚಿಕ್ಕಮ್ಮ, ಬೇರನ್ನ ಯಾವುದರಲ್ಲಿ ಕುಟ್ಟಿದ್ರಿ?"

"ಇನ್ಯಾವುದರಲ್ಲಿ? ಕಿಮ್ಚಿಗೆ ಬೆಳ್ಳುಳ್ಳಿ ಕುಟ್ಟೋ ಒರಳಲ್ಲಿ. ಮನೇಲಿ ಎರಡೆರಡು ಒರಳು ಯಾರಮ್ಮ ಇಟ್ಕೋತಾರೆ?"

"ಬೆಳ್ಳುಳ್ಳೀನೂ ಕ್ರಿಮಿ ಕೊಲ್ಲುತ್ತೆ. ಇಲ್ಲಿ ಗೆದ್ದದ್ದು ಯಾರು ಅಂತ ಹೇಗೆ ಹೇಳಲಿ?"

ಗಂಡ ಹೊಟ್ಟೆ ಹಿಡಿದು ನಕ್ಕ. ಬೊಂಗ್‌ಸುನ್ ಹೊಸ ಒರಳು ತಂದು, ಮೂರು ಸಲ ಕೈ ತೊಳೆದು, ಮತ್ತೆ ರಸ ಹಿಂಡಿ ಕೊಟ್ಟಳು. ಈ ಸಲ ಬೋಳಾದದ್ದು ಕಿರುಬೆರಳ ಉಗುರಿನಷ್ಟು.

"ಚಿಕ್ಕದು. ಆದ್ರೆ ಪೂರ್ತಿ ನಿಮ್ಮ ಬೇರಿಂದೇ," ಎಂದಳು ಹ್ಯೆರಿಮ್.

ಗಂಡ ಕನ್ನಡಕ ಹಾಕಿಕೊಂಡು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ, ವಾರದಿಂದ ಬಚ್ಚಿಟ್ಟಿದ್ದ ಕುರುವಿನ ಕೈಯನ್ನು ತೆಪ್ಪಗೆ ಹೆಂಡತಿಯ ಮುಂದೆ ಚಾಚಿದ.